ಕಪಾಟಿನ ಬೂಷ್ಟಿಗೆ ಏನು ಮಾಡಲಿ?

ಸಕಲೇಶಪುರದ ಸಹೋದರಿಯವರಿಗೆ,

ಒರೆಸಿದ ವಾರಕ್ಕೇ ಅಡುಗೆಮನೆ ಕಪಾಟಿನಲ್ಲಿ ಮತ್ತೆ ಬೂಷ್ಟು ಬರುತ್ತಿದ್ದರೆ ಅದು ನಿಮ್ಮ ಕೈಯ ತಪ್ಪಲ್ಲ, ಗೋಡೆಯ ಪಸೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಆಲೂರಿನ ಕಡೆ ಗೋಡೆಯೇ ಒಣಗುವುದಿಲ್ಲ. ಅದಕ್ಕೆ ಅಂಟಿಕೊಂಡ ಪ್ಲೈವುಡ್ ಒಣಗುವುದೆಲ್ಲಿ?

ಮೊದಲು ಡಬ್ಬಿ, ಪಾತ್ರೆಗಳನ್ನೆಲ್ಲ ಹೊರಗಿಡಿ. ಹಾಸಿದ ಹಳೆಯ ಪತ್ರಿಕೆ ಎಸೆಯಿರಿ. ತೇವ ಹೀರಿಕೊಂಡು ಬೂಷ್ಟಿಗೆ ಆಹಾರವಾಗುವುದೇ ಅದು. ಒಣಬಟ್ಟೆಯಲ್ಲಿ ಕೊಡವಬೇಡಿ, ಕಣಗಳು ಮನೆಯೆಲ್ಲ ಹರಡುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಆಮೇಲೆ ಬಿಳಿ ವಿನೆಗರ್ ಸವರಿ ಒಂದು ಗಂಟೆ ಬಿಡಿ. ಬ್ಲೀಚಿಂಗ್ ಪುಡಿಯನ್ನು ಮಾತ್ರ ವಿನೆಗರ್ ಜೊತೆ ಎಂದೂ ಬೆರೆಸಬೇಡಿ. ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಒಗ್ಗರಣೆಯ ಜಿಡ್ಡಿಗೆ ಅಡುಗೆ ಸೋಡಾ ಸಾಕು.

ಒಣಗಿಸುವುದೇ ನಿಜವಾದ ಕೆಲಸ. ಬಾಗಿಲು ತೆರೆದು, ಮೂಲೆಗಳ ತಣ್ಣನೆ ತೇವ ಹೋಗುವವರೆಗೆ ಟೇಬಲ್ ಫ್ಯಾನ್ ಹಾಕಿ. ಕಡುಬು ಬೇಯಿಸುವಾಗ ಹಬೆ ಹೋಗಲು ಕಿಟಕಿ ತೆರೆದಿಡಿ. ಹಿಂಬದಿಯ ಹಲಗೆ ಉಬ್ಬಿದ್ದರೆ ಉಳಿಸುವ ಆಸೆ ಬೇಡ. ಬೇಸಿಗೆಯಲ್ಲಿ ಬದಲಿಸಿ, ಗೋಡೆಯಿಂದ ಎರಡು ಬೆರಳು ಜಾಗ ಬಿಡಿಸಿ.

ಮನೆಯಲ್ಲಿ ಉಬ್ಬಸ ಇರುವವರಿದ್ದರೆ ದಯವಿಟ್ಟು ಈ ಕೆಲಸವನ್ನು ಅವರಿಗೆ ಕೊಡಬೇಡಿ.