ಲಂಡನ್‌ನಲ್ಲಿ ಮನೆ ಹೂಡಿದಿರಾ? ಮೊದಲು ಬರೋ ಯಾವುದೆಂದು ತಿಳಿಯಿರಿ

ಬೆಂಗಳೂರಿನಿಂದ ಲಂಡನ್‌ಗೆ ಬಂದವರಿಗೆ ಹಸಿ ಕಸ, ಒಣ ಕಸದ ಮಾತು ಹೊಸದಲ್ಲ. 2015ರಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲದ ಪದ್ಧತಿಗೆ ಆದೇಶಿಸಿದ್ದನ್ನು ನೋಡಿದವರು ನೀವು. ಇಲ್ಲಿ ಕಕ್ಕಾಬಿಕ್ಕಿ ಮಾಡುವುದು ಬೇರೆ ಸಂಗತಿ. ಗ್ರೇಟರ್ ಲಂಡನ್ ಎಂದರೆ 32 ಬರೋಗಳು, ಅಂದರೆ ತಮ್ಮದೇ ಕೌನ್ಸಿಲ್ ಇರುವ ಆಡಳಿತ ವಿಭಾಗಗಳು, ಜೊತೆಗೆ ಸಿಟಿ ಆಫ್ ಲಂಡನ್. ಡಬ್ಬಿಯ ಬಣ್ಣ, ಕಸ ಒಯ್ಯುವ ದಿನ ಆಯಾ ಕೌನ್ಸಿಲ್‌ಗೆ ಸೇರಿದ್ದು. ಹ್ಯಾರೋದ ಗೆಳತಿ ಹೇಳಿಕೊಟ್ಟಿದ್ದು ಹೌನ್ಸ್ಲೋದಲ್ಲಿ ನಡೆಯದೇ ಹೋಗಬಹುದು. ಹಾಗಾಗಿ ಕೌನ್ಸಿಲ್ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ, ಕಸದ ವೇಳಾಪಟ್ಟಿ ತೆಗೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಮುಂದಿನದು ಅಡುಗೆಮನೆಯ ಪುಟ್ಟ ಡಬ್ಬಿ, ಇಲ್ಲಿನವರ ಮಾತಿನಲ್ಲಿ ಕ್ಯಾಡಿ. ಹಳಸಿದ ಅನ್ನ, ಜಗಿದ ನುಗ್ಗೆಕಾಯಿ, ಕರಿಬೇವಿನ ಕಡ್ಡಿ, ಫಿಲ್ಟರ್ ಕಾಫಿಯ ಗಸಿ, ಮೂಳೆ ಎಲ್ಲವೂ ಅದಕ್ಕೇ. ಕೌನ್ಸಿಲ್ ಒಯ್ದ ಮೇಲೆ ಇದೆಲ್ಲ ಸಾಮಾನ್ಯವಾಗಿ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತು ಅನಿಲವೂ ಗೊಬ್ಬರವೂ ಆಗುತ್ತದೆ. ನಮ್ಮೂರ ಗೋಬರ್ ಗ್ಯಾಸ್‌ನ ದೊಡ್ಡಣ್ಣ ಎನ್ನಿ. 2026ರ ಮಾರ್ಚ್ 31ರಿಂದ ಇಂಗ್ಲೆಂಡಿನ ಮನೆಗಳಿಂದ ವಾರಕ್ಕೊಮ್ಮೆ ಆಹಾರ ತ್ಯಾಜ್ಯ ಒಯ್ಯಬೇಕೆಂಬ ನಿಯಮವಿದೆ. ಕೆಲವು ಕೌನ್ಸಿಲ್‌ಗಳಿಗೆ ಮಾತ್ರ ಹೆಚ್ಚಿನ ಗಡುವು ಸಿಕ್ಕಿದೆ. ಫ್ಲ್ಯಾಟಿನಲ್ಲಿದ್ದು ಕ್ಯಾಡಿ ಬಂದಿಲ್ಲವಾದರೆ ಕೇಳಿ ಪಡೆಯಿರಿ.

ತುಪ್ಪದ ಡಬ್ಬ, ಉಪ್ಪಿನಕಾಯಿ ಬಾಟಲಿ ತೊಳೆದು ಮರುಬಳಕೆಗೆ ಹಾಕಿ. ಎಣ್ಣೆ ಮೆತ್ತಿದ ಕಾಗದ ಬೇಡ. ಬ್ಯಾಟರಿಗಳನ್ನು ಯಾವ ಡಬ್ಬಿಗೂ ಹಾಕಬೇಡಿ, ಕಸದ ಲಾರಿಗೇ ಬೆಂಕಿ ಹತ್ತಬಹುದು. ಸೂಪರ್‌ಮಾರ್ಕೆಟ್‌ಗಳಲ್ಲಿ ಅವಕ್ಕೆಂದೇ ಪೆಟ್ಟಿಗೆ ಇರುತ್ತದೆ.

ಹಬ್ಬಕ್ಕೆ ಚಕ್ಕುಲಿ ಕರಿದ ಎಣ್ಣೆಯ ಬಗ್ಗೆ ಮಾತ್ರ ಒತ್ತಿ ಹೇಳಬೇಕು: ಸಿಂಕಿಗೆ ಸುರಿಯಲೇಬೇಡಿ. 2017ರಲ್ಲಿ ವೈಟ್‌ಚಾಪೆಲ್‌ನ ಒಳಚರಂಡಿಯಲ್ಲಿ ಕೊಬ್ಬು, ಒದ್ದೆ ಒರೆಬಟ್ಟೆ ಸೇರಿ ಗಟ್ಟಿಯಾದ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಎಣ್ಣೆ ಆರಿದ ಮೇಲೆ ಬಾಟಲಿಗೆ ತುಂಬಿ ಕೌನ್ಸಿಲ್‌ನ ಮರುಬಳಕೆ ಕೇಂದ್ರಕ್ಕೆ ಒಯ್ಯಿರಿ.

ಇನ್ನು ಚಳಿಯ ಖರ್ಚು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಮನೆಯ ಇಪಿಸಿ, ಅಂದರೆ ಇಂಧನ ದಕ್ಷತೆಯ ಪ್ರಮಾಣಪತ್ರ ನೋಡಿ. ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒಂದು ಪತ್ರ 10 ವರ್ಷ ಚಾಲ್ತಿಯಲ್ಲಿರುತ್ತದೆ. ಎ ಒಳ್ಳೆಯದು, ಜಿ ಕೆಟ್ಟದ್ದು. ವಿನಾಯಿತಿ ಇಲ್ಲದ ಹೊರತು ಎಫ್, ಜಿ ದರ್ಜೆಯ ಮನೆ ಬಾಡಿಗೆಗೆ ಕೊಡುವಂತಿಲ್ಲ, ಇದನ್ನು ನೋಡಿಕೊಳ್ಳುವುದೂ ಸ್ಥಳೀಯ ಕೌನ್ಸಿಲ್ಲೇ. ಟ್ಯಾಂಕ್ ಇಲ್ಲದೇ ಬಿಸಿನೀರು ಕೊಡುವ ಕಾಂಬಿ ಬಾಯ್ಲರ್ ಇದ್ದರೆ ರೇಡಿಯೇಟರ್‌ಗೆ ಹೋಗುವ ನೀರಿನ ಶಾಖವನ್ನು 60 ಡಿಗ್ರಿಗೆ ಇಳಿಸಿ, ಗ್ಯಾಸ್ ಉಳಿಯುತ್ತದೆ. ಬಿಸಿನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಈ ಪ್ರಯೋಗ ಬೇಡ. ಆದಾಯ ಕಡಿಮೆಯಿದ್ದು ಮನೆ ಡಿಯಿಂದ ಜಿ ದರ್ಜೆಯಲ್ಲಿದ್ದರೆ, ಮನೆಯ ಇಂಧನ ದಕ್ಷತೆ ಹೆಚ್ಚಿಸಲು 2025ರಲ್ಲಿ ಶುರುವಾದ ವಾರ್ಮ್ ಹೋಮ್ಸ್ ಲೋಕಲ್ ಗ್ರ್ಯಾಂಟ್ ಎಂಬ ನೆರವಿನ ಬಗ್ಗೆ ಕೌನ್ಸಿಲ್ ಅನ್ನು ವಿಚಾರಿಸಿ.

ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಬಿಗಿದು, ಒಳಗೇ ಬಟ್ಟೆ ಒಣಗಿಸಿ, ಗಂಟೆಗಟ್ಟಲೆ ಬೇಳೆ ಬೇಯಿಸಿದರೆ ಗೋಡೆಗೆ ಕಪ್ಪು ಬೂಷ್ಟು ಹತ್ತುತ್ತದೆ. ಪಾತ್ರೆಗೆ ಮುಚ್ಚಳ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ದಿನಕ್ಕೆ ಹತ್ತು ನಿಮಿಷ ಕಿಟಕಿ ತೆರೆಯಿರಿ. ಬೂಷ್ಟನ್ನು ಹಗುರವಾಗಿ ಕಾಣಬೇಡಿ: 2020ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಎರಡು ವರ್ಷದ ಅವಾಬ್ ಇಶಾಕ್ ಎಂಬ ಮಗು ತೀರಿಕೊಂಡಿದ್ದು ಮನೆಯ ಬೂಷ್ಟಿನಿಂದಲೇ. ಗಾಳಿಯಾಡಿಸಿದರೂ ಹೋಗದಿದ್ದರೆ ದಿನಾಂಕ ಸಹಿತ ಫೋಟೊ ತೆಗೆದು ಮನೆಯ ಮಾಲೀಕರಿಗೆ ಇಮೇಲ್ ಮಾಡಿ. ಅವರು ಕದಲದಿದ್ದರೆ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ದೂರು ಕೊಟ್ಟು, ಮನೆಗೆ ಬಂದು ನೋಡುವಂತೆ ಕೇಳಿ.