ಜರ್ಮನಿಯಲ್ಲೊಂದು ಬೇಸಿಗೆ: ಮೊದಲ ಇಂಟರ್ನ್‌ಶಿಪ್‌ಗೆ ಹಂತ ಹಂತದ ಸಿದ್ಧತೆ

ಎಂಜಿನಿಯರಿಂಗ್ ಅಥವಾ ವಿಜ್ಞಾನ ಓದುವ ಮಕ್ಕಳಲ್ಲಿ ಎರಡನೇ ವರ್ಷ ಮುಗಿಯುವ ಹೊತ್ತಿಗೆ ಒಂದು ಆಸೆ ಚಿಗುರುತ್ತದೆ. ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಹೊರದೇಶದ ಲ್ಯಾಬ್‌ನಲ್ಲಿ ಕೆಲಸ ಕಲಿತು ಬರಬೇಕು ಎಂಬ ಆಸೆ. ಒಳ್ಳೆಯ ಆಸೆಯೇ. ಆದರೆ ಆಹ್ವಾನ ಬಂದಾಗ ಪಾಸ್‌ಪೋರ್ಟ್ ಇರಲಿಲ್ಲ, ಪಾಸ್‌ಪೋರ್ಟ್ ಬಂದಾಗ ವೀಸಾ ಸ್ಲಾಟ್ ಸಿಗಲಿಲ್ಲ, ಎಲ್ಲ ಸಿದ್ಧವಾದಾಗ ಸೆಮಿಸ್ಟರ್ ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ಅವಕಾಶ ಕಳೆದುಕೊಂಡ ಪ್ರತಿಭಾವಂತರು ಬಹಳ ಮಂದಿ. ಇಲ್ಲಿ ಒಂದು ಕಾಗದದ ಮೇಲೆ ಇನ್ನೊಂದು ಕಾಗದ ನಿಂತಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಜರ್ಮನಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆ ಸೆಮಿಸ್ಟರ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. ತರಗತಿಗಳು ಜುಲೈವರೆಗೂ ನಡೆಯುತ್ತವೆ. ನಮಗೆ ರಜೆ ಇರುವ ದಿನಗಳಲ್ಲಿ ಅಲ್ಲಿನ ಲ್ಯಾಬ್‌ಗಳು ಜನರಿಂದ ತುಂಬಿರುತ್ತವೆ, ಕಲಿಸುವವರೂ ಸಿಗುತ್ತಾರೆ. ಮುಂದಿನ ಮೇ ತಿಂಗಳಿಗೆ ಹೊರಡಬೇಕಾದರೆ ಸಿದ್ಧತೆ ಈ ಜುಲೈಯಿಂದಲೇ ಶುರುವಾಗಬೇಕು.

ಹಂತ 1: ಪಾಸ್‌ಪೋರ್ಟ್ (ಜುಲೈ–ಆಗಸ್ಟ್)

ಅವಕಾಶ ಸಿಕ್ಕ ಮೇಲೆ ಪಾಸ್‌ಪೋರ್ಟ್ ಮಾಡಿಸೋಣ ಎಂದು ಕಾಯಬೇಡಿ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, 36 ಪುಟದ ಪುಸ್ತಿಕೆಗೆ 1,500 ರೂಪಾಯಿ ಶುಲ್ಕ ಕಟ್ಟಿ, ಹತ್ತಿರದ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳಲ್ಲಿ ಸೇವಾ ಕೇಂದ್ರಗಳಿವೆ. ಹಲವು ಊರುಗಳ ಅಂಚೆ ಕಚೇರಿಗಳಲ್ಲೂ ಈ ಸೌಲಭ್ಯವಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಪ್ಪದೆ ಒಯ್ಯಿರಿ. ಹುಟ್ಟಿದ ದಿನಾಂಕ ತಾಳೆ ನೋಡಲು, ಹತ್ತನೇ ತರಗತಿ ಪಾಸಾದವರಿಗೆ ಸಿಗುವ ವಲಸೆ ತಪಾಸಣೆಯ ವಿನಾಯಿತಿಗೆ, ಎರಡಕ್ಕೂ ಅದು ಬೇಕು.

ನಮ್ಮ ಕಡೆಯವರು ಹೆಸರಿನ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಬಿಡಿಸಿದಾಗ ಬರುವ ತಂದೆಯ ಹೆಸರೋ ಊರಿನ ಹೆಸರೋ ಆಧಾರ್‌ನಲ್ಲೂ ಹಾಗೆಯೇ ಇದೆಯೇ ನೋಡಿಕೊಳ್ಳಿ. ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಮುಂದೆ ವೀಸಾ, ವಿಮಾನದ ಟಿಕೆಟ್, ಬ್ಯಾಂಕ್ ಎಲ್ಲ ಕಡೆ ವಿವರಣೆ ಕೊಡುತ್ತಲೇ ಇರಬೇಕಾಗುತ್ತದೆ. ಮನೆಯವರ ಜೊತೆ ಕೂತು ಈಗಲೇ ನಿರ್ಧರಿಸಿ. ಇಲ್ಲಿಂದ ಮುಂದೆ ಪ್ರತಿ ಕಾಗದದಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಿರಿ.

ಹಂತ 2: ಕಾಲೇಜಿನ ವೇಳಾಪಟ್ಟಿ (ಆಗಸ್ಟ್)

ಸಮ ಸೆಮಿಸ್ಟರಿನ ಪರೀಕ್ಷೆ ಯಾವಾಗ ಮುಗಿಯುತ್ತದೆ, ಮುಂದಿನ ಸೆಮಿಸ್ಟರ್ ಯಾವಾಗ ಶುರು ಎಂಬುದನ್ನು ಕಾಲೇಜಿನ ಕ್ಯಾಲೆಂಡರ್‌ನಲ್ಲಿ ನೋಡಿ. ಸ್ವಾಯತ್ತ ಕಾಲೇಜುಗಳಲ್ಲಿ ಪರೀಕ್ಷೆ ಬೇಗ ಮುಗಿಯಬಹುದು. ವಿಟಿಯು ವೇಳಾಪಟ್ಟಿಯಂತೆ ನಡೆಯುವ ಕಾಲೇಜುಗಳಲ್ಲಿ ಪರೀಕ್ಷೆ ಜೂನ್, ಜುಲೈವರೆಗೆ ಎಳೆಯುವುದುಂಟು. ಹಿಂದಿನ ಎರಡು ವರ್ಷಗಳ ವೇಳಾಪಟ್ಟಿ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಎಚ್‌ಒಡಿ ಅವರನ್ನು ಈಗಲೇ ಕಂಡು ವಿಷಯ ತಿಳಿಸಿ. ಮುಂದೆ ಬೇಕಾಗುವ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಮತ್ತು ಶಿಫಾರಸು ಪತ್ರ ಎರಡೂ ಬರುವುದು ಅವರ ಕೈಯಿಂದಲೇ.

ಹಂತ 3: ಪ್ರೊಫೆಸರ್‌ಗೆ ಮೇಲ್ (ಆಗಸ್ಟ್–ಅಕ್ಟೋಬರ್)

ಇಡೀ ಸಿದ್ಧತೆಯಲ್ಲಿ ಹೆಚ್ಚು ಶ್ರಮ ಬೇಡುವ ಹಂತ ಇದು. ಒಂದೇ ಮೇಲ್ ಬರೆದು ಹೆಸರು ಮಾತ್ರ ಬದಲಿಸಿ ನೂರು ಜನಕ್ಕೆ ಕಳಿಸುವವರಿದ್ದಾರೆ. ಅಂಥ ಮೇಲ್ ಓದಿದವರಿಗೆ ಮೊದಲ ಸಾಲಿನಲ್ಲೇ ತಿಳಿದುಹೋಗುತ್ತದೆ. ಅದರ ಬದಲು ಹೀಗೆ ಮಾಡಿ.

1. ನಿಮಗೆ ನಿಜಕ್ಕೂ ಇಷ್ಟವಾದ ಒಂದು ವಿಷಯ ಆರಿಸಿಕೊಳ್ಳಿ. ‘ಮೆಕ್ಯಾನಿಕಲ್’ ಎಂದರೆ ಸಾಲದು, ‘ಗಾಳಿಯಂತ್ರದ ರೆಕ್ಕೆಯಲ್ಲಿ ಬಿರುಕು’ ಎನ್ನುವಷ್ಟು ಖಚಿತವಾಗಿರಲಿ.
2. ಆ ವಿಷಯದಲ್ಲಿ ಕೆಲಸ ಮಾಡುವ ಗುಂಪುಗಳನ್ನು ಹುಡುಕಿ. ಆಕೆನ್, ಮ್ಯೂನಿಕ್, ಡ್ರೆಸ್‌ಡೆನ್, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯಗಳ ಜೊತೆಗೆ ಮ್ಯಾಕ್ಸ್ ಪ್ಲಾಂಕ್, ಫ್ರೌನ್‌ಹೋಫರ್, ಹೆಲ್ಮ್‌ಹೋಲ್ಟ್ಸ್ ಸಂಶೋಧನಾ ಕೇಂದ್ರಗಳನ್ನೂ ನೋಡಿ. ಸಣ್ಣ ಊರಿನ ವಿಶ್ವವಿದ್ಯಾಲಯಗಳನ್ನು ಬಿಡಬೇಡಿ. ಅಲ್ಲಿ ಬಾಡಿಗೆಯೂ ಕಡಿಮೆ.
3. ಆ ಗುಂಪಿನ ಇತ್ತೀಚಿನ ಒಂದು ಲೇಖನವನ್ನಾದರೂ ಪೂರ್ತಿ ಓದಿ. ಅರ್ಥವಾಗದ ಕಡೆ ನಿಮ್ಮ ಮೇಷ್ಟ್ರನ್ನು ಕೇಳಿ.
4. ಮೇಲ್ ಹದಿನೈದು ಸಾಲು ಮೀರದಿರಲಿ. ನೀವು ಯಾರು, ಅವರ ಯಾವ ಕೆಲಸ ಓದಿದಿರಿ, ಅದರಲ್ಲಿ ನಿಮ್ಮ ಪ್ರಶ್ನೆ ಏನು, ನಿಮಗೆ ಏನು ಮಾಡಲು ಬರುತ್ತದೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬರಬಲ್ಲಿರಿ, ಖರ್ಚಿಗೆ ಏನು ವ್ಯವಸ್ಥೆ ಎಂಬುದಷ್ಟೇ ಸಾಕು.
5. ಎರಡು ಪುಟದೊಳಗಿನ ಸಿ.ವಿ. ಮತ್ತು ಅಂಕಪಟ್ಟಿಯನ್ನು ಪಿಡಿಎಫ್ ಆಗಿ ಲಗತ್ತಿಸಿ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ಮಾತ್ರ ವಿನಯದಿಂದ ನೆನಪಿಸಿ, ಮುಂದಿನವರಿಗೆ ಬರೆಯಿರಿ.

ಮೌನ ಮತ್ತು ನಿರಾಕರಣೆ ಎರಡೂ ಇಲ್ಲಿ ಸಾಮಾನ್ಯ. ಅವು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ. ಜಾಗ ತುಂಬಿರಬಹುದು, ಆ ಬೇಸಿಗೆಯಲ್ಲಿ ಅವರು ಊರಲ್ಲೇ ಇಲ್ಲದಿರಬಹುದು.

ಹಂತ 4: ಖರ್ಚಿನ ದಾರಿ (ಅಕ್ಟೋಬರ್–ನವೆಂಬರ್)

ಭಾರತದ ವಿದ್ಯಾರ್ಥಿಗಳಿಗೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ ನಡೆಸುವ ‘ವೈಸ್’ ಎಂಬ ಬೇಸಿಗೆ ಇಂಟರ್ನ್‌ಶಿಪ್ ಯೋಜನೆಯಿದೆ. ತಿಂಗಳ ಸ್ಟೈಪೆಂಡ್ ಜೊತೆಗೆ ಪ್ರಯಾಣಕ್ಕೂ ನೆರವು ಸಿಗುತ್ತದೆ. ಪಟ್ಟಿಯಲ್ಲಿರುವ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ ಅವಕಾಶವಿರುವುದರಿಂದ ನಿಮ್ಮ ಕಾಲೇಜಿನ ಹೆಸರಿದೆಯೇ ನೋಡಿ. ಅರ್ಜಿ ಹಾಕುವ ಮೊದಲೇ ಜರ್ಮನಿಯ ಪ್ರೊಫೆಸರ್ ಒಪ್ಪಿಗೆ ಪತ್ರ ಕೊಟ್ಟಿರಬೇಕು ಎಂಬ ನಿಯಮವಿದೆ. ಹಂತ 3 ಬೇಗ ಶುರುವಾಗಬೇಕು ಎನ್ನುವುದು ಇದಕ್ಕೇ.

ಪಟ್ಟಿಯಲ್ಲಿಲ್ಲದ ಕಾಲೇಜಿನವರಿಗೂ ಬಾಗಿಲು ಮುಚ್ಚಿಲ್ಲ. ಪ್ರೊಫೆಸರ್ ತಮ್ಮ ಪ್ರಾಜೆಕ್ಟಿನಿಂದ ಸ್ಟೈಪೆಂಡ್ ಕೊಡಬಲ್ಲರೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದು ಅಲ್ಲಿ ತಪ್ಪಲ್ಲ. ಅಂದಾಜಿಗೆ ಒಂದು ಅಂಕಿ ಇಟ್ಟುಕೊಳ್ಳಿ: 2024ರ ಸೆಪ್ಟೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ಜರ್ಮನಿ ಲೆಕ್ಕ ಹಾಕುವ ಜೀವನ ವೆಚ್ಚ ತಿಂಗಳಿಗೆ 992 ಯೂರೊ. ಮ್ಯೂನಿಕ್‌ನಲ್ಲಿ ಇದಕ್ಕಿಂತ ಹೆಚ್ಚು ಬೇಕಾದೀತು, ಡ್ರೆಸ್‌ಡೆನ್‌ನಲ್ಲಿ ಕಡಿಮೆ. ಸ್ಟೈಪೆಂಡ್ ಇಲ್ಲದೆ ಸಾಲ ಮಾಡಿ ಹೋಗಬೇಕಾದ ಪರಿಸ್ಥಿತಿ ಬಂದರೆ ಬೇಡ. ಅದೇ ಬೇಸಿಗೆಯಲ್ಲಿ ಐಐಎಸ್‌ಸಿಯಲ್ಲೋ ಸುರತ್ಕಲ್‌ನ ಎನ್‌ಐಟಿಕೆಯಲ್ಲೋ ಒಳ್ಳೆಯ ಮಾರ್ಗದರ್ಶಕರ ಕೈಕೆಳಗೆ ಕಲಿಯುವುದು ಹೆಚ್ಚು ಫಲ ಕೊಡುತ್ತದೆ.

ಹಂತ 5: ಆಹ್ವಾನ ಪತ್ರ ಮತ್ತು 90 ದಿನದ ಲೆಕ್ಕ (ಡಿಸೆಂಬರ್–ಜನವರಿ)

ಆಹ್ವಾನ ಪತ್ರದಲ್ಲಿ ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ಕೆಲಸದ ವಿವರ, ಆರಂಭ ಮತ್ತು ಮುಕ್ತಾಯದ ದಿನಾಂಕ, ಸ್ಟೈಪೆಂಡ್ ಎಷ್ಟು, ಯಾರು ಕೊಡುತ್ತಾರೆ ಎಂಬುದೆಲ್ಲ ಇರಬೇಕು. ಸಂಸ್ಥೆಯ ಲೆಟರ್‌ಹೆಡ್ ಮತ್ತು ಸಹಿ ಇರಲಿ.

ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ‘ಮೂರು ತಿಂಗಳು’ ಎಂದರೆ 90 ದಿನ ಎಂದುಕೊಂಡರೆ ಕೆಟ್ಟಿರಿ. ಮೇ 15ಕ್ಕೆ ಇಳಿದು ಆಗಸ್ಟ್ 14ಕ್ಕೆ ಹೊರಟರೆ 92 ದಿನವಾಗುತ್ತದೆ. ಹನ್ನೆರಡು ವಾರ, ಅಂದರೆ 84 ದಿನದ ಇಂಟರ್ನ್‌ಶಿಪ್ ಕೇಳಿಕೊಂಡರೆ ಹೋಗಿ ಬರುವುದಕ್ಕೂ ಕೆಲವು ದಿನ ಉಳಿಯುತ್ತವೆ. 90 ದಿನ ದಾಟುವುದಾದರೆ ರಾಷ್ಟ್ರೀಯ ವೀಸಾ ಬೇಕು. ಅದಕ್ಕೆ ಹಿಡಿಯುವ ಸಮಯವೂ ಹೆಚ್ಚು. ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಆದರೆ ಅಲ್ಲಿನ ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ. ಅದನ್ನು ತೆಗೆಸಿಕೊಡಬೇಕಾದದ್ದು ಕಂಪನಿ. ಮೊದಲೇ ಕೇಳಿ ತಿಳಿದುಕೊಳ್ಳಿ.

ಹಂತ 6: ವೀಸಾ (ಫೆಬ್ರವರಿ–ಮಾರ್ಚ್)

ಕರ್ನಾಟಕದವರ ರಾಷ್ಟ್ರೀಯ ವೀಸಾ ಅರ್ಜಿಗಳು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತವೆ. ಷೆಂಗೆನ್ ಅರ್ಜಿಗಳನ್ನು ಸ್ವೀಕರಿಸುವುದು ವಿಎಫ್‌ಎಸ್ ಕೇಂದ್ರ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. ಶುಲ್ಕ 2024ರ ಜೂನ್‌ನಿಂದ 90 ಯೂರೊ. ಏಪ್ರಿಲ್, ಮೇ ತಿಂಗಳಲ್ಲಿ ಪ್ರವಾಸಿಗರ ನೂಕುನುಗ್ಗಲು ಇರುವುದರಿಂದ ಆಹ್ವಾನ ಪತ್ರ ಕೈಗೆ ಬಂದ ವಾರವೇ ಅಪಾಯಿಂಟ್‌ಮೆಂಟ್ ಹುಡುಕಿ.

ಜೋಡಿಸಿಕೊಳ್ಳಬೇಕಾದ ಮುಖ್ಯ ಕಾಗದಗಳು ಇವು: ಪಾಸ್‌ಪೋರ್ಟ್ (ವಾಪಸು ಬರುವ ದಿನದಿಂದ ಕನಿಷ್ಠ ಮೂರು ತಿಂಗಳು ಮಾನ್ಯವಿದ್ದು, ಎರಡು ಪುಟ ಖಾಲಿ ಇರಬೇಕು), 35×45 ಮಿ.ಮೀ. ಅಳತೆಯ ಹೊಸ ಫೋಟೊ, ಆಹ್ವಾನ ಪತ್ರ, ಸ್ಟೈಪೆಂಡ್ ಪತ್ರ ಅಥವಾ ತಂದೆ ತಾಯಿಯ ಬ್ಯಾಂಕ್ ವಿವರ, ಕಾಲೇಜಿನ ಎನ್‌ಒಸಿ, ಉಳಿಯುವ ಸ್ಥಳದ ದಾಖಲೆ, ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ, ವಿಮಾನದ ಮುಂಗಡ ಕಾಯ್ದಿರಿಸುವಿಕೆ. ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ. ಓದು ಮುಗಿಸಲು ಊರಿಗೆ ಮರಳುತ್ತೀರಿ ಎಂಬುದನ್ನು ಎನ್‌ಒಸಿ ಸ್ಪಷ್ಟವಾಗಿ ಹೇಳಬೇಕು.

ಹಂತ 7: ಇರಲೊಂದು ಕೋಣೆ (ಫೆಬ್ರವರಿ–ಏಪ್ರಿಲ್)

ಮೊದಲು ಪ್ರೊಫೆಸರ್‌ರ ಕಚೇರಿಯನ್ನೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗವನ್ನೂ ಕೇಳಿ. ‘ಸ್ಟುಡಿಯೆರೆಂಡೆನ್‌ವೆರ್ಕ್’ ಎಂಬ ಸಂಸ್ಥೆಗಳು ವಿದ್ಯಾರ್ಥಿ ಹಾಸ್ಟೆಲ್‌ಗಳನ್ನು ನಡೆಸುತ್ತವೆ. ಅಲ್ಲಿ ಸಿಗದಿದ್ದರೆ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಕೋಣೆಯನ್ನು ಎರಡು ಮೂರು ತಿಂಗಳಿಗೆ ಬಿಟ್ಟುಕೊಡುವುದುಂಟು. ಬಾಡಿಗೆ ಕೇಳುವಾಗ ನೀರು, ಹೀಟಿಂಗ್ ಸೇರಿದ ‘ವಾರ್ಮ್’ ಬಾಡಿಗೆಯೇ, ಸೇರದ ‘ಕಾಲ್ಟ್’ ಬಾಡಿಗೆಯೇ ಎಂದು ಖಚಿತಪಡಿಸಿಕೊಳ್ಳಿ. ಬೀಗದ ಕೈ ಅಂಚೆಯಲ್ಲಿ ಕಳಿಸುತ್ತೇನೆ, ಮೊದಲು ಠೇವಣಿ ಹಾಕು ಎನ್ನುವವರು ಮೋಸಗಾರರು. ವಿಡಿಯೊ ಕರೆಯಲ್ಲಿ ಕೋಣೆ ತೋರಿಸದವರಿಗೆ ಒಂದು ಯೂರೊವನ್ನೂ ಕಳಿಸಬೇಡಿ.

ಹಂತ 8: ದುಡ್ಡು, ಭಾಷೆ, ಸಾಮಾನು (ಏಪ್ರಿಲ್)

ಸ್ಟೈಪೆಂಡ್ ಮೊದಲ ತಿಂಗಳು ತಡವಾಗಬಹುದು. ಠೇವಣಿ ಮತ್ತು ಒಂದು ತಿಂಗಳ ಖರ್ಚಿಗೆ ಸಾಕಾಗುವಷ್ಟನ್ನು ಫಾರೆಕ್ಸ್ ಕಾರ್ಡಿನಲ್ಲಿ ತುಂಬಿಸಿ, ಕೈಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಿ. ಜರ್ಮನಿಯಲ್ಲಿ ನಗದು ಬಳಕೆ ಇನ್ನೂ ಹೆಚ್ಚು. ಸಣ್ಣ ಬೇಕರಿಗಳಲ್ಲಿ ಕಾರ್ಡ್ ತೆಗೆದುಕೊಳ್ಳದಿರುವುದೂ ಉಂಟು.

ಲ್ಯಾಬ್‌ನಲ್ಲಿ ಇಂಗ್ಲಿಷ್ ಸಾಕು, ಅಂಗಡಿಯಲ್ಲಿ ಸಾಲದು. ಬೆಂಗಳೂರಿನ ಇಂದಿರಾನಗರದಲ್ಲಿರುವ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಎ1 ಹಂತದ ತರಗತಿಗಳು ನಡೆಯುತ್ತವೆ. ಆಗದಿದ್ದರೆ ಅಂಕಿಗಳು, ನಮಸ್ಕಾರ, ದಯವಿಟ್ಟು, ಕ್ಷಮಿಸಿ, ‘ಇದರಲ್ಲಿ ಮಾಂಸ ಇದೆಯೇ’ ಎಂಬಷ್ಟನ್ನಾದರೂ ಮೊಬೈಲ್ ನೋಡಿ ಕಲಿಯಿರಿ.

ಸೂಟ್‌ಕೇಸಿಗೆ ಚಟ್ನಿಪುಡಿ, ಸಾರಿನ ಪುಡಿ, ಮೆಂತ್ಯದ ಹಿಟ್ಟು, ಅವಲಕ್ಕಿ ಹಾಕಿಕೊಳ್ಳಬಹುದು. ತುಪ್ಪ, ಹಾಲಿನ ಪುಡಿ, ಧಾರವಾಡ ಪೇಡೆ, ಮಾಂಸದ ಪದಾರ್ಥ ಬೇಡ. ಹೊರದೇಶಗಳಿಂದ ಪ್ರಯಾಣಿಕರು ಹಾಲು ಮತ್ತು ಮಾಂಸದ ಉತ್ಪನ್ನ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಮಾವಿನಹಣ್ಣು, ಹಸಿ ಕರಿಬೇವಿಗೂ ಅಡ್ಡಿಯಿದೆ. ಮೇ ತಿಂಗಳ ಬೆಳಿಗ್ಗೆ ಚಳಿ ಇರುವುದರಿಂದ ಒಂದು ಜಾಕೆಟ್, ಮಳೆಗೊಂದು ಕೋಟು ಇರಲಿ. ನಮ್ಮ ಮೂರು ಪಿನ್ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು. ನಿತ್ಯ ನುಂಗುವ ಮಾತ್ರೆಗಳಿದ್ದರೆ ಇಂಗ್ಲಿಷಿನ ವೈದ್ಯರ ಚೀಟಿ ಜೊತೆಗಿರಲಿ. ಎಲ್ಲ ಮೂಲ ದಾಖಲೆಗಳೂ ಕೈಚೀಲದಲ್ಲೇ ಇರಬೇಕು.

ಹಂತ 9: ಮೊದಲ ವಾರ (ಮೇ)

ಶನಿವಾರ ರಾತ್ರಿಯೋ ಭಾನುವಾರವೋ ಇಳಿಯದಂತೆ ಟಿಕೆಟ್ ನೋಡಿ. ಭಾನುವಾರ ರೈಲು ನಿಲ್ದಾಣದ ಅಂಗಡಿಗಳ ಹೊರತು ಬಹುತೇಕ ಎಲ್ಲ ಮುಚ್ಚಿರುತ್ತವೆ. ಊರೊಳಗಿನ ಬಸ್, ಟ್ರಾಮ್, ದೇಶದ ಎಲ್ಲ ಪ್ರಾದೇಶಿಕ ರೈಲುಗಳಿಗೆ ಒಂದೇ ‘ಡಾಯ್ಚ್‌ಲಾಂಡ್ ಟಿಕೆಟ್’ ಸಾಕು. 2025ರಲ್ಲಿ ತಿಂಗಳಿಗೆ 58 ಯೂರೊ ಇದ್ದದ್ದು 2026ರ ಜನವರಿಯಿಂದ 63 ಆಗಿದೆ. ವೇಗದ ಐಸಿಇ ರೈಲಿಗೆ ಅದು ನಡೆಯದು. ಈ ಟಿಕೆಟ್ ತಾನಾಗಿ ಮುಂದುವರಿಯುವ ಚಂದಾ. ಕೊನೆಯ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿ.

ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು. ಮನೆಗಳಲ್ಲಿ ಹೊಗೆ ಪತ್ತೆಯಂತ್ರ ಕಡ್ಡಾಯವಾದ್ದರಿಂದ ಒಗ್ಗರಣೆ ಹಾಕುವಾಗ ಕಿಟಕಿ ತೆರೆಯಿರಿ. ನಲ್ಲಿ ನೀರು ಕುಡಿಯಬಹುದು. ತುರ್ತಿಗೆ 112, ಪೊಲೀಸರಿಗೆ 110. ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರಿಗಿಂತ ಮೂರೂವರೆ ಗಂಟೆ ಮುಂದೆ. ಮನೆಗೆ ಫೋನ್ ಮಾಡುವ ಹೊತ್ತು ಮೊದಲೇ ಗೊತ್ತುಮಾಡಿಕೊಂಡರೆ ಅಪ್ಪ ಅಮ್ಮನಿಗೂ ನೆಮ್ಮದಿ. ಒಂಟಿತನ ಕಾಡಿದರೆ ಮ್ಯೂನಿಕ್, ಫ್ರಾಂಕ್‌ಫರ್ಟ್‌ನಂಥ ನಗರಗಳಲ್ಲಿ ಕನ್ನಡ ಸಂಘಗಳಿವೆ, ಸಂಕೋಚವಿಲ್ಲದೆ ಸಂಪರ್ಕಿಸಿ. ಲ್ಯಾಬ್‌ನಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ, ತಿಳಿಯದ್ದನ್ನು ಅಂದೇ ಕೇಳಿ, ಪ್ರತಿದಿನದ ಕೆಲಸ ಬರೆದಿಡಿ.

ಹಂತ 10: ಹೊರಡುವ ಮುನ್ನ (ಜುಲೈ–ಆಗಸ್ಟ್)

ದಿನಾಂಕ ಮತ್ತು ಕೆಲಸದ ವಿವರವಿರುವ ಪ್ರಮಾಣಪತ್ರವನ್ನು ಅಲ್ಲಿರುವಾಗಲೇ ಪಡೆಯಿರಿ. ಕೊನೆಯ ವಾರ ನಿಮ್ಮ ಕೆಲಸವನ್ನು ಗುಂಪಿನ ಮುಂದೆ ಹತ್ತು ನಿಮಿಷ ವಿವರಿಸಲು ಅನುಮತಿ ಕೇಳಿ. ಮುಂದೆ ಶಿಫಾರಸು ಪತ್ರ ಬೇಕಾದಾಗ ಪ್ರೊಫೆಸರ್‌ಗೆ ನಿಮ್ಮ ನೆನಪು ಉಳಿಯುವುದು ಅದರಿಂದ. ಕೋಣೆ ಬಿಡುವಾಗ ಮಾಲೀಕರೊಂದಿಗೆ ಒಟ್ಟಿಗೆ ನೋಡಿ, ಠೇವಣಿ ವಾಪಸಾಗುವ ದಿನವನ್ನು ಬರಹದಲ್ಲಿ ಪಡೆಯಿರಿ.

ಊರಿಗೆ ಬಂದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ನಿಮಗೆ ಉತ್ತರ ತಂದುಕೊಟ್ಟ ಮೇಲ್, ವೀಸಾ ಕಾಗದಗಳ ಪಟ್ಟಿ, ತಿಂಗಳ ಖರ್ಚಿನ ಲೆಕ್ಕ, ಇವಿಷ್ಟನ್ನೂ ಕಾಲೇಜಿನ ಜೂನಿಯರ್‌ಗಳಿಗೆ ಕೊಡಿ. ದೊಡ್ಡ ಸಂಸ್ಥೆಗಳಲ್ಲಿ ಇದನ್ನೆಲ್ಲ ಹೇಳಿಕೊಡುವ ಸೀನಿಯರ್‌ಗಳು ಸಾಲುಗಟ್ಟಿ ಇರುತ್ತಾರೆ. ಬೀದರ್, ಚಾಮರಾಜನಗರದಂಥ ಕಡೆಯ ಕಾಲೇಜುಗಳಲ್ಲಿ ಮೊದಲು ಹೋಗಿಬಂದವರೇ ಆ ಜವಾಬ್ದಾರಿ ಹೊರಬೇಕು. ದಯವಿಟ್ಟು ಹೊರಿ.