ಕರಕಿ ಕಿತ್ತ ಹೊಲ

ಮೂಡಲಗಿ



ಮೊನ್ನೆ ಫೋನಿನಾಗ ನೀ, ‘ಅಜ್ಜಾ, ಹೊಲ ಮಾರಿ ಬೆಂಗಳೂರಾಗ ಒಂದು ಸೈಟು ತಗೊಳ್ಳೂಣು’ ಅಂದಿ. ನಾನು ಹಾಂ ಹೂಂ ಅನ್ನದೆ ಫೋನನ್ನು ನಿಮ್ಮಜ್ಜಿಯ ಕೈಗೆ ಕೊಟ್ಟೆ. ಸಿಟ್ಟಲ್ಲ ತಮ್ಮಾ. ಈ ಹೊಲದ ಕಥೆಯನ್ನು ನಿನಗೆ ಯಾರೂ ಹೇಳೇ ಇಲ್ಲ ಅನ್ನೋದು ಆಗ ಹೊಳೆಯಿತು. ತಪ್ಪು ನನ್ನದೇ.

ನಾವು ಮೂಲತಃ ಮೂಡಲಗಿಯವರಲ್ಲ. ಹುಕ್ಕೇರಿ ಕಡೆಯ ಹುನ್ನೂರಿನವರು. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಎದ್ದಾಗ ನಮ್ಮೂರು ನೀರಿನ ಪಾಲಾಯಿತು. 51 ಟಿಎಂಸಿ ನೀರು ನಿಲ್ಲುವ ಆ ಜಲಾಶಯಕ್ಕೆ ಈಗ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. ಪುಸ್ತಕದಲ್ಲಿ ಅದು 1977ಕ್ಕೆ ಮುಗಿಯಿತು ಅಂತಿರುತ್ತದೆ. ನಮಗೆ ಮುಗಿದದ್ದು ಅದಕ್ಕೂ ಮೊದಲೇ, ನಿನ್ನ ಮುತ್ತಜ್ಜ ಮನೆಯ ತೊಲೆ, ಜಂತಿ, ಬಾಗಿಲು ಬಿಚ್ಚಿ ಚಕ್ಕಡಿಗೆ ಹೇರಿದ ದಿನ. ಅವ್ವ ಬೀಸುಕಲ್ಲು ಬಿಟ್ಟು ಬರಲೊಲ್ಲೆ ಅಂದಳು. ಅದರ ಭಾರಕ್ಕೆ ಎತ್ತುಗಳು ಏರಿನಲ್ಲಿ ನಿಂತುಬಿಟ್ಟವು. ನಾನೂ ಅಣ್ಣನೂ ಹಿಂದಿನಿಂದ ನೂಕಿದೆವು.

ಪರಿಹಾರದ ರೊಕ್ಕಕ್ಕೆ ಇಲ್ಲಿ ಸಿಕ್ಕದ್ದು ನಾಲ್ಕೆಕರೆ ಬೀಳುಬಿದ್ದ ಎರೆಹೊಲ. ಮೇಲೆ ಜಾಲಿಕಂಟಿ, ಒಳಗೆ ಕರಕಿ. ಕರಕಿ ಅಂದರೆ ನೀನು ಗಣಪತಿಗೆ ಏರಿಸುವ ಆ ಎಳೆ ಹುಲ್ಲೇ. ಎರೆಹೊಲ ಹೊಕ್ಕರೆ ರಾಕ್ಷಸ. ನೇಗಿಲಿಗೆ ಬಗ್ಗದು. ಅಪ್ಪ ಬೇಸಗೆಯ ಬಿಸಿಲಿನಲ್ಲಿ ಗುದ್ದಲಿ ಹಿಡಿದು ಮೊಣಕಾಲಾಳಕ್ಕೆ ಕಡಿಯುತ್ತಿದ್ದ. ಬೇರಿನ ತುಣುಕೊಂದು ಉಳಿದರೂ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಅದಕ್ಕೇ ಅವ್ವ ಹಿಂದೆ ಹಿಂದೆ ಕುಕ್ಕರಗಾಲಿನಲ್ಲಿ ಸರಿಯುತ್ತ, ತುಣುಕುಗಳನ್ನು ಉಡಿಯಲ್ಲಿ ಆರಿಸಿಕೊಂಡು ಬದುವಿನ ಮೇಲೆ ಒಣಗಲು ಹಾಕುತ್ತಿದ್ದಳು. ಹೀಗೆ ಮೂರು ಬೇಸಗೆ. ಊರವರು ಅಪ್ಪನ ಗುದ್ದಲಿಯನ್ನು ಹೊಗಳಿದರು, ಅವ್ವನ ಉಡಿಯನ್ನು ಯಾರೂ ಎಣಿಸಲಿಲ್ಲ. ನನ್ನನ್ನು ಕೇಳಿದರೆ ಈ ಹೊಲ ಆದದ್ದು ಅವಳಿಂದ.

ವಾಸ ಕಣಿಕೆಯ ಗುಡಿಸಲಿನಲ್ಲಿ. ನಮ್ಮ ಹೆಸರು ‘ಮುಳುಗಡೆ ಮಂದಿ’. ಆದರೆ ಹಾಗೆ ಕರೆದವರೇ ಬಿತ್ತುವ ಹೊತ್ತಿಗೆ ಕೂರಿಗೆ ಕೊಟ್ಟರು. ಅಪ್ಪ ಮುಯ್ಯಾಳಾಗಿ ದುಡಿದು ತೀರಿಸಿದ.

ಅದೇ ಘಟಪ್ರಭೆಯ ಧೂಪದಾಳದ ಒಡ್ಡು 1897ರದು, ಅದರ ಕಾಲುವೆಯೂ ಹಳೆಯದೇ. ತುದಿಯಲ್ಲಿದ್ದ ನಮ್ಮ ಹೊಲಕ್ಕೆ ಬೇಕಾದಷ್ಟು ನೀರು ಬಂದದ್ದು ಹಿಡಕಲ್ ತುಂಬಿದ ಮೇಲೆ. ಮೊದಲ ದಿನ ಅವ್ವ ಆ ನೀರನ್ನು ಬೊಗಸೆಯಲ್ಲಿ ಹಿಡಿದು, ‘ನಮ್ಮೂರ ಮ್ಯಾಲಿಂದ ಬಂದೈತಿ’ ಅಂದಳು. ಕುಡಿಯಲಿಲ್ಲ, ಚೆಲ್ಲಲೂ ಇಲ್ಲ.

ಆಮೇಲೆ ಕಬ್ಬು ಬಂತು, ನಾನು ಯಜಮಾನನಾದೆ. ಕೇಳು, ಇದನ್ನು ಮುಚ್ಚಿಡುವುದಿಲ್ಲ: ನೀರು ಕಂಡು ಹುಚ್ಚಾಗಿ ಹಗಲಿರುಳು ಹಾಯಿಸಿದವನು ನಾನೇ. ಕೆಳಗಿನ ಮೂಲೆಯ ಮುಕ್ಕಾಲು ಎಕರೆ ಸವಳಾಗಿ ಬೆಳ್ಳಗೆ ಬಿದ್ದಿದೆ. ಕರಕಿಯನ್ನು ಗೆದ್ದ ಹೊಲವನ್ನು ನೀರಿನಿಂದ ಕೆಡಿಸಿದೆ. ಈ ವರ್ಷ ಬಸಿಗಾಲುವೆ ತೆಗೆಸುತ್ತಿದ್ದೇನೆ.

ನನ್ನ ನಂತರ ಮಾರುವುದು, ಇಟ್ಟುಕೊಳ್ಳುವುದು ನಿನಗೆ ಬಿಟ್ಟದ್ದು, ಕಾಗದಪತ್ರ ಟ್ರಂಕಿನಲ್ಲಿವೆ. ಅದಕ್ಕೂ ಮೊದಲು ಒಂದು ಸಲ ಬೇಸಗೆಯಲ್ಲಿ ಬಾ. ಜಲಾಶಯ ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೇಳುತ್ತದೆ. ಗುಡಿಯಿಂದ ನಮ್ಮ ಮನೆ ಎಲ್ಲಿತ್ತು ಅಂತ ಕಣ್ಣು ಮುಚ್ಚಿ ತೋರಿಸುತ್ತೇನೆ. ಹಳೆಯ ಚಪ್ಪಲಿ ಹಾಕಿಕೊಂಡು ಬಾ, ಅಲ್ಲಿ ಕೆಸರು ಬಹಳ.

ನಿನ್ನ ಅಜ್ಜ